ಟ್ರ್ಯಾಕ್ಟರ್ ಮಾಡಿದವನ ನಾಲ್ಕು ಸೀಟಿನ ಕಾರು

ಕಳೆದ ತಿಂಗಳು ವರದಿಗೆಂದು ತಾಲ್ಲೂಕು ಕೇಂದ್ರಕ್ಕೆ ಹೋಗಿದ್ದಾಗ ಮಳೆ ಹಿಡಿಯಿತು. ಬೈಕ್ ನಿಲ್ಲಿಸಿ ಒಂದು ಟ್ರ್ಯಾಕ್ಟರ್ ಗ್ಯಾರೇಜಿನ ತಗಡಿನ ಕೆಳಗೆ ನಿಂತೆವು. ಅಲ್ಲಿ ಕೆಲಸ ಕಲಿಯುವ ಹುಡುಗ ಮೊಬೈಲಿನಲ್ಲಿ ಲ್ಯಾಂಬೋರ್ಗಿನಿ ಕಾರಿನ ವಿಡಿಯೊ ನೋಡುತ್ತಿದ್ದ. ಮೇಸ್ತ್ರಿ ಕೈಗೆ ಅಂಟಿದ ಗ್ರೀಸ್ ಒರೆಸಿಕೊಳ್ಳುತ್ತಾ, "ಇಂವಗ ಹೇಳ್ರಿ ಸರ, ಅದು ಮೊದಲ ಟ್ರ್ಯಾಕ್ಟರ್ ಕಂಪನಿ ಇತ್ತಂತ. ನಾ ಹೇಳಿದ್ರ ನಂಬವಲ್ಲ" ಅಂದರು.

ಮೇಸ್ತ್ರಿ ಹೇಳಿದ್ದು ನಿಜ. ಹುಡುಗ ನಮ್ಮನ್ನೂ ನಂಬಲಿಲ್ಲ. ಅವನಿಗಾಗಿ ಬರೆಯಲು ಕುಳಿತ ಲೇಖನ ಇದು. ಆದರೆ ಬರೆಯುತ್ತಾ ಹೋದಂತೆ ಅವನು ನೋಡುತ್ತಿದ್ದ ಹಳದಿ ಬಣ್ಣದ ಎರಡು ಸೀಟಿನ ಕಾರು ಬದಿಗೆ ಸರಿಯಿತು. ಅದೇ ಕಂಪನಿಯ ಇನ್ನೊಂದು ಕಾರು ನಮ್ಮನ್ನು ಹಿಡಿದುಕೊಂಡಿತು. ಹೆಸರು ಎಸ್ಪಾಡಾ. 1968ರಿಂದ 1978ರವರೆಗೆ ಹತ್ತು ವರ್ಷ ತಯಾರಾದ, ನಾಲ್ಕು ಜನ ಕೂರುವ ಕಾರು. ಹೊಸದಿದ್ದಾಗ ಚೆನ್ನಾಗಿ ಮಾರಾಟವಾಯಿತು, ಆಮೇಲೆ ಬಹಳ ವರ್ಷ ಯಾರಿಗೂ ಬೇಡವಾಯಿತು.

ಮೊದಲು ಮನುಷ್ಯನ ವಿಷಯ. ಫೆರೂಚಿಯೊ ಲ್ಯಾಂಬೋರ್ಗಿನಿ ಹುಟ್ಟಿದ್ದು 1916ರ ಏಪ್ರಿಲ್ 28ರಂದು, ಉತ್ತರ ಇಟಲಿಯ ಚೆಂಟೊ ಪಟ್ಟಣದ ಪಕ್ಕದ ರೆನಾಝೊ ಎಂಬ ಹಳ್ಳಿಯಲ್ಲಿ. ಒಕ್ಕಲುತನದ ಮನೆ. ಹುಡುಗನಿಗೆ ಹೊಲಕ್ಕಿಂತ ಹೊಲದಲ್ಲಿ ಓಡಾಡುವ ಯಂತ್ರಗಳ ಮೇಲೆ ಕಣ್ಣು. ಎರಡನೇ ಮಹಾಯುದ್ಧದಲ್ಲಿ ಇಟಲಿಯ ವಾಯುಪಡೆಗೆ ಸೇರಿದ ಅವನನ್ನು ರೋಡ್ಸ್ ದ್ವೀಪಕ್ಕೆ ಕಳಿಸಿದರು. ಅಲ್ಲಿ ಅವನ ಕೆಲಸ ವಿಮಾನ ಹಾರಿಸುವುದಲ್ಲ, ಸೇನೆಯ ಲಾರಿಗಳನ್ನು ರಿಪೇರಿ ಮಾಡುವುದು. ಬಿಡಿಭಾಗ ಬರುವ ದಾರಿಯೇ ಮುಚ್ಚಿಹೋದ ದ್ವೀಪದಲ್ಲಿ ಇದ್ದದ್ದರಲ್ಲೇ ಹೊಂದಿಸಿ ಗಾಡಿ ಓಡಿಸುವುದನ್ನು ಕಲಿತ.

ಯುದ್ಧ ಮುಗಿದು ಊರಿಗೆ ಬಂದಾಗ ರೈತರ ಬಳಿ ಟ್ರ್ಯಾಕ್ಟರ್ ಇಲ್ಲ, ಕೊಳ್ಳಲು ಹಣವೂ ಇಲ್ಲ. ಇನ್ನೊಂದೆಡೆ ಸೇನೆಗಳು ಬಿಟ್ಟುಹೋದ ಲಾರಿಗಳು ರಾಶಿ ರಾಶಿಯಾಗಿ ಗುಜರಿಗೆ ಬಿದ್ದಿದ್ದವು. ಫೆರೂಚಿಯೊ ಆ ಲಾರಿಗಳ ಎಂಜಿನ್, ಗೇರ್‌ಬಾಕ್ಸ್, ಹೌಸಿಂಗ್ ಬಿಚ್ಚಿ ತಂದು ಟ್ರ್ಯಾಕ್ಟರ್ ಕಟ್ಟಿದ. ಪೆಟ್ರೋಲ್ ತುಟ್ಟಿ ಇದ್ದ ಕಾಲ ಅದು. ಹಾಗಾಗಿ ಪೆಟ್ರೋಲಿನಲ್ಲಿ ಸ್ಟಾರ್ಟ್ ಮಾಡಿ, ಎಂಜಿನ್ ಬಿಸಿಯಾದ ಮೇಲೆ ಅಗ್ಗದ ಎಣ್ಣೆಗೆ ಬದಲಾಯಿಸುವ ಏರ್ಪಾಡು ಮಾಡಿದ. ನಮ್ಮ ಓದುಗರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ. ಪೆಟ್ರೋಲಿನಲ್ಲಿ ಹಚ್ಚಿ ಸೀಮೆಎಣ್ಣೆಗೆ ತಿರುಗಿಸುತ್ತಿದ್ದ ಪಂಪ್‌ಸೆಟ್‌ಗಳು ನಮ್ಮ ಹಳ್ಳಗಳ ದಂಡೆಯಲ್ಲಿ ಎಷ್ಟು ವರ್ಷ ಓಡಲಿಲ್ಲ! ಉಪಾಯ ಅದೇ.

1948ರಲ್ಲಿ ಚೆಂಟೊದಲ್ಲಿ ಟ್ರ್ಯಾಕ್ಟರ್ ಕಂಪನಿ ಶುರುವಾಯಿತು. ಹತ್ತು ಹನ್ನೆರಡು ವರ್ಷದಲ್ಲಿ ಇಟಲಿಯ ದೊಡ್ಡ ಟ್ರ್ಯಾಕ್ಟರ್ ಕಂಪನಿಗಳ ಸಾಲಿನಲ್ಲಿ ನಿಂತಿತು. ಜೊತೆಗೆ ಮನೆ ಬೆಚ್ಚಗಿಡುವ ಬರ್ನರ್‌ಗಳ ಇನ್ನೊಂದು ಕಂಪನಿಯನ್ನೂ ಕಟ್ಟಿದ. ಕೈಯಲ್ಲಿ ದುಡ್ಡು ಓಡಾಡಿತು. ದುಡ್ಡು ಬಂದವರು ಮಾಡುವುದನ್ನೇ ಅವನೂ ಮಾಡಿದ, ಒಳ್ಳೆಯ ಕಾರುಗಳನ್ನು ಕೊಂಡ. ಅದರಲ್ಲಿ ಫೆರಾರಿಯೂ ಇತ್ತು.

ಇಲ್ಲಿ ಎಲ್ಲರೂ ಹೇಳುವ ಒಂದು ಕಥೆ ಬರುತ್ತದೆ. ಫೆರಾರಿಯ ಕ್ಲಚ್ ಮೇಲಿಂದ ಮೇಲೆ ಕೈಕೊಡುತ್ತಿತ್ತಂತೆ. ಬಿಚ್ಚಿ ನೋಡಿದರೆ ತನ್ನ ಟ್ರ್ಯಾಕ್ಟರಿಗೆ ಹಾಕುವಂಥದ್ದೇ ಕ್ಲಚ್ ಇತ್ತಂತೆ. ದೂರು ಹೇಳಲು ಹೋದಾಗ ಎಂಜೊ ಫೆರಾರಿ, ನಿನಗೆ ಟ್ರ್ಯಾಕ್ಟರ್ ಓಡಿಸಲು ಬರುತ್ತದೆ, ಫೆರಾರಿ ಓಡಿಸಲು ಬರುವುದಿಲ್ಲ ಎಂಬರ್ಥದ ಮಾತು ಆಡಿದರಂತೆ. ಫೆರೂಚಿಯೊ ಮುಪ್ಪಿನಲ್ಲಿ ಈ ಕಥೆಯನ್ನು ಖುಷಿಯಿಂದ ಹೇಳುತ್ತಿದ್ದ. ಹೇಳುತ್ತಾ ಹೇಳುತ್ತಾ ಅದಕ್ಕೆ ಸ್ವಲ್ಪ ಪಾಲಿಶ್ ಆಗಿರಬಹುದು ಎಂಬುದು ನಮ್ಮ ಅನುಮಾನ. ಅವಮಾನವೊಂದೇ ಸಾಕಾಗಿ ಯಾರೂ ಕಾರ್ಖಾನೆ ಕಟ್ಟುವುದಿಲ್ಲ. ಸಾವಿರಾರು ಟ್ರ್ಯಾಕ್ಟರ್ ಮಾರಿದ ವ್ಯಾಪಾರಿಗೆ ಇದರಲ್ಲೂ ಲಾಭ ಕಂಡಿರಬೇಕು.

1963ರಲ್ಲಿ ಬೊಲೊನ್ಯಾ ಹತ್ತಿರದ ಸಾಂತಾಗಾಟಾ ಎಂಬ ಊರಿನಲ್ಲಿ ಕಾರು ಕಂಪನಿ ತೆರೆದ. ಎಂಜಿನ್ ವಿನ್ಯಾಸ ಮಾಡಿದ್ದು ಹಿಂದೆ ಫೆರಾರಿಯಲ್ಲೇ ಕೆಲಸ ಮಾಡಿದ್ದ ಜೊತ್ತೊ ಬಿಝಾರಿನಿ. 12 ಸಿಲಿಂಡರ್, ಆರಾರು ಎರಡು ಸಾಲು. ಅದೇ ವರ್ಷ ಟ್ಯೂರಿನ್ ಕಾರು ಮೇಳದಲ್ಲಿ ಮೊದಲ ಕಾರು ತೋರಿಸಿದಾಗ ನಡೆದದ್ದು ನಮಗೆ ಬಹಳ ಇಷ್ಟವಾದ ಸಂಗತಿ. ಎಂಜಿನ್ ಬಾನೆಟ್ಟಿನ ಒಳಗೆ ಕೂರಲೇ ಇಲ್ಲ. ಎಂಜಿನ್ ಇಲ್ಲದೆ ಕಾರಿನ ಮೂತಿ ಮೇಲೆದ್ದು ಕಾಣಬಾರದೆಂದು ಒಳಗೆ ಇಟ್ಟಿಗೆಯಂಥ ಭಾರ ತುಂಬಿ, ಬಾನೆಟ್ ತೆರೆಯದಂತೆ ಕಾಯ್ದುಕೊಂಡರು ಎನ್ನುತ್ತಾರೆ. ಮುಂದಿನ ವರ್ಷ, 1964ರಲ್ಲಿ, ಎಂಜಿನ್ ಸರಿಯಾಗಿ ಕೂತ 350 ಜಿಟಿ ಮಾರುಕಟ್ಟೆಗೆ ಬಂತು.

ಜಿಟಿ ಅಂದರೆ ಗ್ರ್ಯಾಂಡ್ ಟೂರಿಂಗ್. ರೇಸಿನ ಕಾರಲ್ಲ, ದೂರದ ಊರಿಗೆ ಹೋಗುವ ಕಾರು. ಬೆಳಿಗ್ಗೆ ಬ್ಯಾಗ್ ಇಟ್ಟುಕೊಂಡು ಹೊರಟರೆ ಸಂಜೆಯೊಳಗೆ ಎಂಟುನೂರು ಕಿಲೋಮೀಟರ್ ಹೋಗಿ, ಬೆನ್ನುನೋವಿಲ್ಲದೆ ಇಳಿಯಬೇಕು. ಮಿಲಾನಿನಿಂದ ನೇಪಲ್ಸ್‌ವರೆಗಿನ ದೊಡ್ಡ ಹೆದ್ದಾರಿ ಪೂರ್ತಿಯಾಗಿದ್ದೂ 1964ರಲ್ಲೇ. ಅಂಥ ರಸ್ತೆ ಬಂದ ಮೇಲೆ ಅಂಥ ಕಾರು ಬೇಕೆನಿಸುವುದು ಸಹಜ. ಫೆರೂಚಿಯೊಗೆ ಬೇಕಿದ್ದದ್ದೂ ಇದೇ, ರೇಸ್ ಅಲ್ಲ. ಹಿಂದೆ 1948ರಲ್ಲಿ ಫಿಯೆಟ್‌ನ ಚಿಕ್ಕ ಕಾರೊಂದನ್ನು ತಾನೇ ತಿದ್ದಿ ಮಿಲ್ಲೆ ಮಿಲ್ಯಾ ರೇಸಿಗೆ ಇಳಿದು, ರಸ್ತೆ ಬದಿಯ ಹೋಟೆಲಿಗೆ ಗುದ್ದಿದ್ದ. ರೇಸಿನ ಹುಚ್ಚು ಅಲ್ಲಿಗೇ ಬಿಟ್ಟಿತೆಂದು ಕಾಣುತ್ತದೆ.

ಆದರೆ ಅವನ ಕೈಕೆಳಗಿದ್ದ ಹುಡುಗರಿಗೆ ಬಿಟ್ಟಿರಲಿಲ್ಲ. ಜಾನ್‌ಪಾವೊಲೊ ದಲ್ಲಾರಾ, ಪಾವೊಲೊ ಸ್ತಾನ್ಝಾನಿ ಎಂಬ ಎಂಜಿನಿಯರ್‌ಗಳು, ನ್ಯೂಜಿಲೆಂಡಿನಿಂದ ಬಂದ ಟೆಸ್ಟ್ ಡ್ರೈವರ್ ಬಾಬ್ ವಾಲೇಸ್, ಮೂವರೂ ಇಪ್ಪತ್ತರ ಹರೆಯದವರು. ಅವರ ಉತ್ಸಾಹದಿಂದ 1966ರಲ್ಲಿ ಮ್ಯೂರಾ ಬಂತು. ಎಂಜಿನ್ ಸೀಟಿನ ಹಿಂದೆ, ಎರಡೇ ಸೀಟು, ನೆಲಕ್ಕೆ ಅಂಟಿದಂಥ ಮೈ. ಜಗತ್ತು ಬಾಯಿ ಬಿಟ್ಟು ನೋಡಿತು. ಮ್ಯೂರಾ ಎಂಬುದು ಸ್ಪೇನಿನಲ್ಲಿ ಕಾಳಗದ ಗೂಳಿ ಸಾಕುವ ಮನೆತನದ ಹೆಸರು. ಫೆರೂಚಿಯೊನ ರಾಶಿ ವೃಷಭ, ಕಂಪನಿಯ ಗುರುತೂ ಗೂಳಿ. ಹೋರಿಗೆ ಹೆಸರಿಟ್ಟು, ಅದರ ಫೋಟೊ ಬ್ಯಾನರಿನಲ್ಲಿ ಹಾಕಿಸುವ ಹಾವೇರಿ ಕಡೆಯವರಿಗೆ ಈ ಮನುಷ್ಯ ಅರ್ಥವಾಗುತ್ತಾನೆ.

ಈಗ ಎಸ್ಪಾಡಾ. ಸ್ಪ್ಯಾನಿಷ್ ಭಾಷೆಯಲ್ಲಿ ಎಸ್ಪಾಡಾ ಎಂದರೆ ಕತ್ತಿ, ಗೂಳಿ ಕಾಳಗದವನ ಕೈಯ ಕತ್ತಿ. 1967ರಲ್ಲಿ ಬೆರ್ತೋನೆ ಕಂಪನಿ ಮಾರ್ಜಲ್ ಎಂಬ ಪ್ರದರ್ಶನದ ಕಾರು ಮಾಡಿತ್ತು. ನಾಲ್ಕು ಸೀಟು, ಮೇಲಕ್ಕೆ ತೆರೆಯುವ ಬಾಗಿಲು, ಬಾಗಿಲಿನ ತುಂಬಾ ಗಾಜು. ಆ ವರ್ಷ ಮೊನಾಕೊ ರೇಸಿನ ಮುಂಚೆ ಅಲ್ಲಿನ ರಾಜ ರೇನಿಯರ್, ರಾಣಿ ಗ್ರೇಸ್ ಅವರನ್ನು ಪಕ್ಕದಲ್ಲಿ ಕೂರಿಸಿಕೊಂಡು ಅದರಲ್ಲಿ ಒಂದು ಸುತ್ತು ಹಾಕಿದರು. ಅಂಥ ಮಾರ್ಜಲ್ ಒಂದೇ ಒಂದು. ಅದನ್ನು ಮನೆಗೆ ಒಯ್ಯುವ ಕಾರಾಗಿ ಬದಲಿಸಿದ್ದೇ ಎಸ್ಪಾಡಾ. ಗಾಜಿನ ಬಾಗಿಲು ಹೋಯಿತು, ಮಾಮೂಲಿ ಬಾಗಿಲು ಬಂತು. 12 ಸಿಲಿಂಡರಿನ 3929 ಸಿಸಿ ಎಂಜಿನ್ ಮುಂದೆ ಕೂತಿತು. 1968ರ ಮಾರ್ಚ್‌ನಲ್ಲಿ ಜಿನೀವಾ ಮೇಳದಲ್ಲಿ ತೆರೆ ಸರಿಸಿದಾಗ ಅದನ್ನು ವಿನ್ಯಾಸ ಮಾಡಿದ್ದ ಮಾರ್ಚೆಲ್ಲೊ ಗಾಂದಿನಿಗೆ 29 ವರ್ಷ. ಮ್ಯೂರಾ ಅವರದೇ, ಆಮೇಲಿನ ಕೌಂಟಾಚ್ ಕೂಡ ಅವರದೇ. 2024ರಲ್ಲಿ ತೀರಿಕೊಂಡಾಗ ಪತ್ರಿಕೆಗಳು ಆ ಎರಡರ ಫೋಟೊ ಹಾಕಿದವು. ಎಸ್ಪಾಡಾಕ್ಕೆ ಹೆಚ್ಚೆಂದರೆ ಒಂದು ಸಾಲು.

ಕಾರು ನೋಡಲು ಹೇಗಿದೆ? ಉದ್ದ 4.7 ಮೀಟರಿಗಿಂತ ಸ್ವಲ್ಪ ಹೆಚ್ಚು, ಎತ್ತರ 1.2 ಮೀಟರನ್ನೂ ಮುಟ್ಟುವುದಿಲ್ಲ. ನಮ್ಮ ಸೊಂಟಕ್ಕಿಂತ ಸ್ವಲ್ಪ ಮೇಲಕ್ಕೆ ಅದರ ಛಾವಣಿ. ಬಾನೆಟ್ ಊಟಕ್ಕೆ ಹಾಸಿದ ಜಮಖಾನದಷ್ಟು ಅಗಲ, ಅದರ ಮೇಲೆ ಗಾಳಿ ಎಳೆಯುವ ಎರಡು ಸೀಳು. ಹಿಂದುಗಡೆ ಛಾವಣಿ ಇಳಿಜಾರಾಗಿ ಹೋಗಿ ಕಡಿದಂತೆ ನಿಲ್ಲುತ್ತದೆ. ಆ ಕಡಿದ ಜಾಗದಲ್ಲಿ, ದೀಪಗಳ ನಡುವೆ, ನೆಟ್ಟಗೆ ನಿಂತ ಇನ್ನೊಂದು ಗಾಜು. ರಿವರ್ಸ್ ತೆಗೆಯುವಾಗ ಹಿಂದೇನಿದೆ ಎಂದು ಕಾಣಲಿ ಎಂಬ ಉಪಾಯ. ಪೆಟ್ರೋಲ್ ಟ್ಯಾಂಕ್ ಎರಡು, ಹಿಂಬದಿ ಎಡಬಲಕ್ಕೆ ಒಂದೊಂದು. ಅವುಗಳ ಮುಚ್ಚಳ ಪಕ್ಕದ ಕಪ್ಪು ಜಾಲರಿಯ ಹಿಂದೆ ಅಡಗಿರುತ್ತದೆ. ಗೊತ್ತಿಲ್ಲದ ಬಂಕಿನವನು ಸುತ್ತು ಹಾಕಿ ಹುಡುಕಬೇಕು.

ಮುಖ್ಯವಾದದ್ದು ಹಿಂದಿನ ಸೀಟು. ಹೆಸರಿಗೆ ನಾಲ್ಕು ಸೀಟು ಎಂದು ಹೇಳಿ ಹಿಂದೆ ಮಕ್ಕಳನ್ನಷ್ಟೇ ತುರುಕುವ ಕಾರುಗಳು ಬಹಳ. ಎಸ್ಪಾಡಾದ ಹಿಂದೆ ಬೆಳೆದ ಇಬ್ಬರು ಕಾಲು ಚಾಚಿ ಕೂರಬಹುದು. ಹೀಗೆ ನಾಲ್ವರನ್ನು ಕೂರಿಸಿಕೊಂಡು ಗಂಟೆಗೆ 240 ಕಿಲೋಮೀಟರ್ ದಾಟುತ್ತಿತ್ತು. ಮೊದಲ ಸರಣಿಯಲ್ಲಿ 325 ಎಚ್‌ಪಿ, 1970ರ ಎರಡನೇ ಸರಣಿಯಿಂದ 350. ನಮ್ಮ ಎಚ್‌ಎಂಟಿ 2511 ಟ್ರ್ಯಾಕ್ಟರ್ 25 ಎಚ್‌ಪಿ. ಹದಿಮೂರು ಟ್ರ್ಯಾಕ್ಟರ್ ಸೇರಿದರೆ ಒಂದು ಎಸ್ಪಾಡಾ. ಟ್ರ್ಯಾಕ್ಟರಿನ ಎಳೆತದ ಲೆಕ್ಕ ಬೇರೆ ಇರುತ್ತದೆ, ಮೇಸ್ತ್ರಿಗಳು ಬೈಯಬೇಡಿ.

ಮೂರೂ ಸರಣಿ ಸೇರಿ 1,217 ಕಾರುಗಳು ತಯಾರಾದವು. ಮ್ಯೂರಾ ತಯಾರಾದದ್ದು 760ರ ಆಸುಪಾಸು. ಅಂದರೆ ಆ ಕಾಲದಲ್ಲಿ ಕಂಪನಿಯ ಹೊಟ್ಟೆ ತುಂಬಿಸಿದ್ದು ಎಸ್ಪಾಡಾ. ಹೆಸರು ಮ್ಯೂರಾದ್ದು, ದುಡಿಮೆ ಎಸ್ಪಾಡಾದ್ದು.

ಆಮೇಲೆ ಕೆಟ್ಟ ಕಾಲ ಬಂತು. ದಕ್ಷಿಣ ಅಮೆರಿಕದ ಬೊಲಿವಿಯಾ ಟ್ರ್ಯಾಕ್ಟರಿನ ದೊಡ್ಡ ಆರ್ಡರ್ ರದ್ದು ಮಾಡಿತು. ಟ್ರ್ಯಾಕ್ಟರ್ ಕಂಪನಿ ಇಕ್ಕಟ್ಟಿಗೆ ಸಿಕ್ಕಿ ಸಾಮೆ ಎಂಬ ಇನ್ನೊಂದು ಇಟಾಲಿಯನ್ ಕಂಪನಿಗೆ ಮಾರಾಟವಾಯಿತು. (ಇವತ್ತಿಗೂ ಲ್ಯಾಂಬೋರ್ಗಿನಿ ಹೆಸರಿನ ಟ್ರ್ಯಾಕ್ಟರ್ ಬರುವುದು ಅವರಿಂದಲೇ. ಅದೇ ಗುಂಪಿನ ಒಂದು ಕಾರ್ಖಾನೆ ನಮ್ಮ ಪಕ್ಕದ ತಮಿಳುನಾಡಿನ ರಾಣಿಪೇಟೆಯಲ್ಲಿದೆ.) ಕಾರು ಕಂಪನಿಯ ಶೇ 51 ಪಾಲನ್ನು ಫೆರೂಚಿಯೊ 1972ರಲ್ಲಿ ಸ್ವಿಟ್ಜರ್ಲೆಂಡಿನವರೊಬ್ಬರಿಗೆ ಮಾರಿದ, ಉಳಿದದ್ದನ್ನು 1974ರಲ್ಲಿ. ನಡುವೆ 1973ರ ತೈಲ ಬಿಕ್ಕಟ್ಟು. ಇಟಲಿಯಲ್ಲಿ ಆ ಡಿಸೆಂಬರ್‌ನಿಂದ ಭಾನುವಾರ ಕಾರು ಓಡಿಸುವುದನ್ನೇ ಸರ್ಕಾರ ನಿಷೇಧಿಸಿತು. ಜನ ಸೈಕಲ್ ಹತ್ತಿದರು, ಕೆಲವರು ಕುದುರೆ ಗಾಡಿ ಹೂಡಿದರು. ದೊಡ್ಡ ಎಂಜಿನ್ನಿನ ಕಾರುಗಳಿಗೆ ತೆರಿಗೆ ಏರಿತು. ಲೀಟರಿಗೆ ಐದಾರು ಕಿಲೋಮೀಟರ್ ಕೊಟ್ಟರೆ ದೊಡ್ಡದು ಎನ್ನುವ ಕಾರನ್ನು ಇಟ್ಟುಕೊಳ್ಳುವುದು ಶ್ರೀಮಂತರಿಗೂ ಮುಜುಗರವಾಯಿತು. 1978ರಲ್ಲಿ ಎಸ್ಪಾಡಾ ನಿಂತಿತು. ಅದೇ ವರ್ಷ ಕಂಪನಿ ದಿವಾಳಿಯಾಯಿತು.

ನಾವು ಹೇಳಬೇಕೆಂದಿದ್ದ ಭಾಗ ಇಲ್ಲಿಂದ ಶುರು. ಹೊಸ ಕಾರಿನ ಚರಿತ್ರೆ ಎಲ್ಲರೂ ಬರೆಯುತ್ತಾರೆ. ಎರಡನೇ, ಮೂರನೇ, ನಾಲ್ಕನೇ ಮಾಲೀಕನ ಕೈಯಲ್ಲಿ ಅದಕ್ಕೇನಾಯಿತು ಎಂಬುದನ್ನು ಬರೆಯುವವರು ಕಡಿಮೆ.

ಹಳೆಯ ಕಾರು ಕೂಡಿಸುವ ಶ್ರೀಮಂತರಿಗೆ ಬೇಕಿದ್ದದ್ದು ಎರಡು ಸೀಟು. ಮ್ಯೂರಾ ಸಿನಿಮಾದಲ್ಲಿ ಬಂದಿತ್ತು, ಕೌಂಟಾಚ್ ಹುಡುಗರ ಕೋಣೆಯ ಗೋಡೆಯ ಮೇಲಿತ್ತು. ಎಸ್ಪಾಡಾ ಸಂಸಾರಸ್ಥರ ಕಾರು ಎಂಬ ಹಣೆಪಟ್ಟಿ ಹೊತ್ತಿತು. 1980, 90ರ ದಶಕಗಳಲ್ಲಿ ಅದರ ಬೆಲೆ ಎಷ್ಟು ಇಳಿಯಿತೆಂದರೆ, 12 ಸಿಲಿಂಡರಿನ ಲ್ಯಾಂಬೋರ್ಗಿನಿ ಬೇಕು, ಆದರೆ ಹಣ ಇಲ್ಲ ಎನ್ನುವವರೂ ಕೊಂಡರು. ಆಪತ್ತು ಅಲ್ಲೇ ಇತ್ತು. ಕೊಳ್ಳುವ ಬೆಲೆ ಇಳಿದಿತ್ತು, ಸಾಕುವ ಬೆಲೆ ಇಳಿದಿರಲಿಲ್ಲ. ಆನೆಯನ್ನು ಕುರಿಯ ಬೆಲೆಗೆ ಕೊಂಡು ತಂದರೂ ಅದು ತಿನ್ನುವುದು ಆನೆಯಷ್ಟೇ.

ಸಾಕುವುದು ಎಂದರೆ ಏನು? ನಮ್ಮ ಹಳೆಯ ಸ್ಪ್ಲೆಂಡರ್ ಬೈಕಿಗೆ ಒಂದು ಕಾರ್ಬುರೇಟರ್. ಅದರಲ್ಲಿ ಕಸ ಸಿಕ್ಕರೆ ಅರ್ಧ ದಿನ ಹಾಳು. ಎಸ್ಪಾಡಾದಲ್ಲಿ ವೆಬರ್ ಕಂಪನಿಯ ಆರು ಕಾರ್ಬುರೇಟರ್, ಒಂದೊಂದಕ್ಕೂ ಎರಡೆರಡು ಬಾಯಿ. ಒಟ್ಟು ಹನ್ನೆರಡು ಬಾಯಿ, ಸಿಲಿಂಡರಿಗೊಂದು. ಹನ್ನೆರಡೂ ಒಂದೇ ಸಮನೆ ಗಾಳಿ ಎಳೆಯಬೇಕು. ಒಂದು ಹೆಚ್ಚು ಎಳೆದು ಇನ್ನೊಂದು ಕಡಿಮೆ ಎಳೆದರೆ ಎಂಜಿನ್ ಕೆಮ್ಮುತ್ತದೆ. ಬಲ್ಲ ಮೆಕ್ಯಾನಿಕ್‌ಗಳು ರಬ್ಬರ್ ನಳಿಗೆಯ ಒಂದು ತುದಿ ಕಿವಿಗೆ, ಇನ್ನೊಂದು ತುದಿ ಕಾರ್ಬುರೇಟರಿನ ಬಾಯಿಗೆ ಹಿಡಿದು, ಶಬ್ದ ಕೇಳಿಯೇ ಹೊಂದಿಸುತ್ತಿದ್ದರು. ನಾಲ್ಕು ಕ್ಯಾಮ್‌ಶಾಫ್ಟ್, 24 ವಾಲ್ವ್. ಒಂದೊಂದು ವಾಲ್ವಿನ ಸಂದು ಅಳೆದು ಸರಿಮಾಡಲು ಬಹಳ ಹೊತ್ತು ಬೇಕು. ಮೈ ಉಕ್ಕಿನದು, ತುಕ್ಕು ಬಾಗಿಲ ಕೆಳಗೆ ಶುರುವಾದರೆ ಒಳಗೊಳಗೇ ತಿನ್ನುತ್ತಾ ಹೋಗುತ್ತದೆ. ಎಂಜಿನ್ ಪೂರ್ತಿ ಬಿಚ್ಚಿ ಕಟ್ಟಿಸುವ ಖರ್ಚು ಕಾರಿನ ಬೆಲೆಯನ್ನೇ ಮೀರಿದಾಗ ಮಾಲೀಕ ಏನು ಮಾಡುತ್ತಾನೆ? ಷೆಡ್ಡಿನಲ್ಲಿ ನಿಲ್ಲಿಸಿ ಮೇಲೊಂದು ತಾಡಪಾಲು ಹೊದಿಸುತ್ತಾನೆ. ಮುಂದೆ ನೋಡೋಣ ಎನ್ನುತ್ತಾನೆ.

ಆ ಷೆಡ್ಡು ನಮಗೆ ಗೊತ್ತು. ನಮ್ಮ ಮನೆಯಲ್ಲಿ ಅಪ್ಪ ಕೊಂಡಿದ್ದ ಎಚ್‌ಎಂಟಿ ಟ್ರ್ಯಾಕ್ಟರ್ ಇತ್ತು. ಹೈಡ್ರಾಲಿಕ್ ಹೋಯಿತು, ಸರಿ ಮಾಡಿಸುವ ದುಡ್ಡಿಗೆ ಇನ್ನಷ್ಟು ಸೇರಿಸಿದರೆ ಬೇರೆ ಗಾಡಿಯ ಮುಂಗಡ ಆಗುತ್ತಿತ್ತು. ಆರು ವರ್ಷ ಕೊಟ್ಟಿಗೆಯ ಪಕ್ಕ ನಿಂತಿತು, ಕೋಳಿಗಳು ಸೀಟಿನ ಕೆಳಗೆ ಮೊಟ್ಟೆ ಇಟ್ಟವು. ಒಂದು ದಿನ ಗುಜರಿಯವರು ಬಂದು ಕೆ.ಜಿ. ಲೆಕ್ಕದಲ್ಲಿ ಒಯ್ದರು. ಕೊಟ್ಟದ್ದು ನಾವೇ, ಯಾರನ್ನೂ ದೂರುವಂತಿಲ್ಲ. ಅಪ್ಪ ಆ ಮಧ್ಯಾಹ್ನ ಹೊಲಕ್ಕೆ ಹೋದವರು ಕತ್ತಲಾಗುವವರೆಗೆ ಬರಲಿಲ್ಲ.

ಎಸ್ಪಾಡಾಕ್ಕೂ ಹೀಗೇ ಆಯಿತು. ಕೆಲವು ಬಿಡಿಭಾಗಕ್ಕಾಗಿ ಬಿಚ್ಚಲ್ಪಟ್ಟವು. ಒಂದು ಕಾರು ಉಳಿಯಲು ಇನ್ನೊಂದು ಕರಗಿತು. ಉಳಿದವು ಉಳಿದದ್ದು ಲೆಕ್ಕ ಬಾರದ ಮಾಲೀಕರಿಂದ ಎಂದೇ ನಮಗನಿಸುತ್ತದೆ. ಮಾರಿದರೆ ಬಾರದ ದುಡ್ಡನ್ನು ಅದರ ಮೇಲೆ ಸುರಿದವರು, ರಜೆಯಲ್ಲಿ ಮಕ್ಕಳನ್ನು ಹಿಂದೆ ಕೂರಿಸಿಕೊಂಡು ಹೊರಟವರು, ದಾರಿಯಲ್ಲಿ ನಿಂತರೆ ಬಾನೆಟ್ ಎತ್ತಿ ತಾವೇ ಕೈ ಹಾಕಿದವರು. ಅವರಿಗೆ ಒಂದು ಅನುಕೂಲವೂ ಇತ್ತು. ಲ್ಯಾಂಬೋರ್ಗಿನಿ ಸಣ್ಣ ಕಂಪನಿ, ಎಲ್ಲವನ್ನೂ ತಾನೇ ಎರಕ ಹೊಯ್ಯುತ್ತಿರಲಿಲ್ಲ. ಮೊದಲ ಎರಡು ಸರಣಿಯ ಹಿಂದಿನ ದೀಪಗಳು ಫಿಯೆಟ್ 124 ಕೂಪೆ ಕಾರಿನವು, ಮೂರನೆಯದರಲ್ಲಿ ಆಲ್ಫಾ ರೋಮಿಯೊದವು. ಅಷ್ಟು ದೊಡ್ಡ ಕಾರಿನ ದೀಪ ಒಡೆದರೆ ಸಾಮಾನ್ಯ ಕಾರಿನ ಅಂಗಡಿಯಲ್ಲಿ ಸಿಗುತ್ತಿತ್ತು. ಈ 124ರ ಬಳಗದ್ದೇ ನಮ್ಮ ರಸ್ತೆಗಳಲ್ಲಿ ಓಡಿದ ಪ್ರೀಮಿಯರ್ 118 ಎನ್‌ಇ. ಪದ್ಮಿನಿಯಂತೂ ಫಿಯೆಟ್ 1100. ಇಟಲಿಯ ಕಾರು ನಮಗೆ ಪೂರ್ತಿ ಪರದೇಶಿ ಅಲ್ಲ.

ಫೆರೂಚಿಯೊ ಇದನ್ನೆಲ್ಲ ದೂರದಿಂದ ನೋಡಿದ. ಕಂಪನಿ ಮಾರಿದ ಮೇಲೆ ಅವನು ಮತ್ತೆ ಮಣ್ಣಿಗೇ ಹೋದ. ಮಧ್ಯ ಇಟಲಿಯ ತ್ರಾಸಿಮೆನೊ ಸರೋವರದ ಹತ್ತಿರ ಜಮೀನು ಮಾಡಿ ದ್ರಾಕ್ಷಿ ಬೆಳೆದ, ವೈನ್ ತೆಗೆದ. ಒಂದು ವೈನಿಗೆ ಮ್ಯೂರಾದ ರಕ್ತ ಎಂದು ಹೆಸರಿಟ್ಟ. 1993ರ ಫೆಬ್ರುವರಿ 20ರಂದು ತೀರಿಕೊಂಡ. ಅವನ ಟ್ರ್ಯಾಕ್ಟರುಗಳು, ಕಾರುಗಳು ಇರುವ ವಸ್ತುಸಂಗ್ರಹಾಲಯವನ್ನು ಮಗ ತೋನಿನೊ 2014ರಲ್ಲಿ ಬೊಲೊನ್ಯಾ ಹತ್ತಿರದ ಫೂನೊದಲ್ಲಿ ತೆರೆದರು.

ಕಾರು ಕಂಪನಿ ಕೈಯಿಂದ ಕೈಗೆ ಹೋಗಿ 1998ರಲ್ಲಿ ಜರ್ಮನಿಯ ಔಡಿಗೆ ಸೇರಿತು. 2015ರಲ್ಲಿ ಕಂಪನಿ ಪೋಲೊ ಸ್ಟೋರಿಕೊ ಎಂಬ ವಿಭಾಗ ತೆರೆದು, ಹಳೆಯ ಕಾರುಗಳ ದಾಖಲೆ ಕಾಪಾಡುವುದು, ಬಿಡಿಭಾಗ ಒದಗಿಸುವುದು, ಕಾರು ಅಸಲಿ ಎಂದು ಪ್ರಮಾಣಪತ್ರ ಕೊಡುವುದು ಶುರುಮಾಡಿತು. ಹಳೆಯ ಟ್ರ್ಯಾಕ್ಟರ್ ಕೊಳ್ಳುವಾಗ ನಾವು ಆರ್‌ಸಿ ಪುಸ್ತಕ ಹಿಡಿದು ಎಂಜಿನ್ ನಂಬರ್, ಚಾಸಿ ನಂಬರ್ ತಾಳೆ ನೋಡುತ್ತೇವಲ್ಲ, ಅಲ್ಲೂ ಅದೇ. ಎಂಜಿನ್ ಬದಲಾದ ಕಾರಿಗೆ ಬೆಲೆ ಕಡಿಮೆ. 2018ರಲ್ಲಿ ಎಸ್ಪಾಡಾದ ಐವತ್ತನೇ ವರ್ಷವನ್ನು ಕಂಪನಿಯೇ ಆಚರಿಸಿತು. ಬೆಲೆಯೂ ಏರಿದೆ, ಆದರೂ ಮ್ಯೂರಾದ ಬೆಲೆಯ ಹತ್ತಿರಕ್ಕೂ ಬಂದಿಲ್ಲ. ಒಂದೇ ಕಾರ್ಖಾನೆ, ಒಂದೇ ವಿನ್ಯಾಸಕ, ಒಂದೇ ಬಳಗದ ಎಂಜಿನ್. ವ್ಯತ್ಯಾಸ ಹಿಂದಿನ ಎರಡು ಸೀಟು.

ಇಷ್ಟನ್ನೂ ಬರೆದು, ಎಸ್ಪಾಡಾದ ಎಂಜಿನ್ನಿನ ಫೋಟೊ ಮೊಬೈಲಿನಲ್ಲಿ ಇಟ್ಟುಕೊಂಡು ಮೊನ್ನೆ ಅದೇ ಗ್ಯಾರೇಜಿಗೆ ಹೋದೆವು. ಹುಡುಗ ಕಾರಿನ ಮೈ ನೋಡಿ, "ಇದೇನ್ ಲ್ಯಾಂಬೋರ್ಗಿನಿ ಕಂಡಂಗ ಕಾಣವಲ್ದು ಬಿಡ್ರಿ" ಅಂದ. ಮೇಸ್ತ್ರಿ ಮೊಬೈಲ್ ಇಸಿದುಕೊಂಡು, ಬೆರಳಿನಿಂದ ಫೋಟೊ ದೊಡ್ಡದು ಮಾಡಿ, ಕಾರ್ಬುರೇಟರ್‌ಗಳನ್ನು ಎರಡು ಸಲ ಎಣಿಸಿದರು.

"ಆರೂ ಬಿಚ್ಚಿ ತೊಳದು ಕೂಡಸ್ಲಿಕ್ಕೆ ಎರಡ ದಿನ ಹಿಡೀತದ ಸರ," ಅಂದರು. "ತಮ್ಮಾ, ಆ ಹನ್ನೆರಡರ ಸ್ಪ್ಯಾನರ್ ತಾ." ಎದುರಿಗೆ ಯಾರದೋ ಟ್ರ್ಯಾಕ್ಟರ್ ಮೂತಿ ಬಿಚ್ಚಿಕೊಂಡು ನಿಂತಿತ್ತು.